ನಿನ್ನೆ ಏನ್ ತಿಂದೆ?

ನನ್ನ ತಂಗಿ ಓಯುನಾ ಮೂವತ್ತಾರು ವರ್ಷಗಳಿಂದ ದಿನಾ ಬೆಳಿಗ್ಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದಾಳೆ. “ನಿನ್ನೆ ಏನ್ ತಿಂದೆ ಅಕ್ಕ?” ನಮ್ಮಿಬ್ಬರ ಮನೆಗಳ ನಡುವೆ ಸೊಂಟದೆತ್ತರದ ಒಂದು ಮಣ್ಣಿನ ಗೋಡೆ ಇದೆ. ಅವಳು ಆ ಕಡೆ ಉಪ್ಪು ಚಹಾದ ಲೋಟ ಹಿಡಿದು ನಿಲ್ಲುತ್ತಾಳೆ. ನಾನು ಈ ಕಡೆ ಕುರಿಗಳ ತೊಟ್ಟಿಗೆ ನೀರು ಸುರಿಯುತ್ತ ಒಂದೊಂದಾಗಿ ಹೇಳುತ್ತೇನೆ. ಬೆಳಿಗ್ಗೆ ಅರ್ಧ ಲೋಟ ಗಂಜಿ, ಮಧ್ಯಾಹ್ನ ಒಂದು ರೊಟ್ಟಿ, ಸಂಜೆ ಮಜ್ಜಿಗೆ. ಅವಳು ಕೇಳಿಸಿಕೊಂಡು ತನ್ನ ಹೊಟ್ಟೆಯ ಕಡೆ ನೋಡಿಕೊಳ್ಳುತ್ತಾಳೆ. “ಮಜ್ಜಿಗೇಲಿ ಬೆಣ್ಣೆ ಇತ್ತಾ?” ಅನ್ನುತ್ತಾಳೆ. ಇರಲಿಲ್ಲ ಅನ್ನುತ್ತೇನೆ. ನಿಜವಾಗಿಯೂ ಇರುವುದಿಲ್ಲ.

ನಮ್ಮ ಊರಿನಲ್ಲಿ ತಿಂದದ್ದು ತಿಂದವರಿಗೆ ಅಂಟುವುದಿಲ್ಲ. ಹೊಟ್ಟೆ ನಮ್ಮದೇ ತುಂಬುತ್ತದೆ, ಕೈಕಾಲಿಗೆ ಕಸುವೂ ಬರುತ್ತದೆ. ಆದರೆ ಕೊಬ್ಬು, ಸಕ್ಕರೆ, ತೂಕ ಇವೆಲ್ಲ ಹೋಗಿ ಕೂರುವುದು ನಮ್ಮದೇ ರಕ್ತದ ಇನ್ನೊಬ್ಬರ ಮೈಯಲ್ಲಿ. ಅಂಥವರನ್ನು ಹೊರುವವರು ಎನ್ನುತ್ತೇವೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂರುವ ಮೊದಲು ಹೊರುವವರಿಗೆ ಒಂದು ಮಾತು ಹೇಳಿ ಕಳಿಸುವುದು ನಮ್ಮಲ್ಲಿ ಮರ್ಯಾದೆ. ಮಿಠಾಯಿ ಅಂಗಡಿಯಲ್ಲಿ ಎರಡನೇ ಸಲ ಕೈ ಚಾಚಿದರೆ ಅಂಗಡಿಯವನು “ಯಾರ ಮೇಲೆ ಕಣಮ್ಮ ಇದು?” ಎಂದು ನಗುತ್ತಾನೆ. ಅಣ್ಣತಮ್ಮಂದಿರು ಹೊಲದ ಬದುವಿಗೆ ಜಗಳವಾಡಿದರೆ “ನೋಡ್ತಿರು, ತಿಂದು ತೋರಿಸ್ತೀನಿ” ಎನ್ನುವುದಕ್ಕಿಂತ ದೊಡ್ಡ ಬೆದರಿಕೆ ಇಲ್ಲ. ಓಯುನಾ ತಿಂದದ್ದು ಹೊಳೆಯಾಚೆ ಇರುವ ನಮ್ಮ ಚಿಕ್ಕಪ್ಪನ ಮಗನ ಮೇಲೆ ಹೋಗುತ್ತದೆ. ಪ್ರತಿ ಹಬ್ಬದ ಮಾರನೆಯ ದಿನ ಉಣ್ಣೆ ಗಾಡಿಯವರ ಕೈಯಲ್ಲಿ ಅವನ ಬೈಗುಳ ಬರುತ್ತದೆ. ನಮ್ಮ ಹಿರೀಕರು ಎಲ್ಲೋ ಚಳಿಯ ಹುಲ್ಲುಗಾವಲಿನಿಂದ ಕುದುರೆಗಳ ಮೇಲೆ ಬಂದವರಂತೆ. ಅಲ್ಲಿಂದ ತಂದದ್ದರಲ್ಲಿ ಈಗ ಉಳಿದಿರುವುದು ನಮ್ಮ ಹೆಸರುಗಳು, ದಪ್ಪ ಬಾಲದ ಕುರಿಗಳು, ಉಪ್ಪು ಚಹಾ ಮತ್ತು ಇದು.

ಯಾರು ಯಾರನ್ನು ಹೊರುತ್ತಾರೆ ಎಂದು ತಿಳಿಯುವುದು ನೂಲಿನ ವಾರದಲ್ಲಿ. ಮಗುವಿಗೆ ಹನ್ನೆರಡು ತುಂಬಿದಾಗ ಏಳು ದಿನ ಕುರಿಬಾಲದ ಕೊಬ್ಬು, ಬೆಲ್ಲ, ಮಾಂಸದ ಕಡುಬು ಕೊಟ್ಟು ಸಾಕು ಸಾಕೆನ್ನುವಷ್ಟು ತಿನ್ನಿಸುತ್ತಾರೆ. ಆ ಏಳು ದಿನ ಮನೆಯ ಉಳಿದವರಿಗೆಲ್ಲ ನೀರುಗಂಜಿ. ಮೊದಲ ದಿನ ಎಲ್ಲರ ಸೊಂಟಕ್ಕೂ ಒಂದೊಂದು ಕೆಂಪು ನೂಲು ಸುತ್ತಿ, ಸರಿಯಾಗಿ ಕತ್ತರಿಸಿ, ಮರದ ಡಬ್ಬಿಯಲ್ಲಿ ಇಡುತ್ತಾರೆ. ಎಂಟನೆಯ ದಿನ ಅದೇ ನೂಲುಗಳನ್ನು ಮತ್ತೆ ಸುತ್ತಿ ನೋಡುತ್ತಾರೆ. ಯಾರಿಗೆ ನೂಲು ಸಾಲುವುದಿಲ್ಲವೋ ಅವರೇ ಆ ಮಗುವನ್ನು ಹೊರುವವರು. ತಿನ್ನುವ ಮಗುವಿನ ಸೊಂಟವನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಬಡಿಸುವ ಸೌಟನ್ನು ಉಣ್ಣುವವರ ಪಂಕ್ತಿಯಲ್ಲಿ ಯಾರಾದರೂ ಸೇರಿಸುತ್ತಾರೆಯೇ?

ನನ್ನ ನೂಲಿನ ವಾರ ನನಗೆ ಚೆನ್ನಾಗಿ ನೆನಪಿದೆ. ಹೊಟ್ಟೆ ತುಂಬಾ ತಿಂದ ಕೊನೆಯ ವಾರ ಅದು, ಅದಕ್ಕೇ ಇರಬೇಕು. ಲಂಗದ ಲಾಡಿ ಬಿಗಿದು ಸೊಂಟದ ಸುತ್ತ ಗೆರೆ ಮೂಡಿತ್ತು. ಸಡಿಲ ಮಾಡಿಕೊಂಡು ಆಡಲು ಓಡಿದ್ದೆ. ಅಪ್ಪ ಹಸಿವಿಗೆ ಸಿಡಿಮಿಡಿ ಎನ್ನುತ್ತಿದ್ದ. ಅಮ್ಮ ಹೆಚ್ಚು ಹೊತ್ತು ಕುರಿಹಟ್ಟಿಯಲ್ಲೇ ಇರುತ್ತಿದ್ದಳು. ಎಂಟನೆಯ ದಿನ ಯಂಜಿ ಅಜ್ಜಿ ಡಬ್ಬಿ ತೆಗೆದಳು. ಊರಿನ ನೂಲುಗಳೆಲ್ಲ ಆಗಲೂ ಅವಳ ಕೈಯಲ್ಲೇ, ಈಗಲೂ ಅವಳ ಕೈಯಲ್ಲೇ. ಅಪ್ಪನಿಗೆ ನೂಲು ಸಡಿಲವಾಯಿತು. ಅಮ್ಮನಿಗೆ ಸರಿಯಾಯಿತು. ಎಂಟು ವರ್ಷದ ಓಯುನಾಳಿಗೆ ಎರಡು ಬೆರಳು ಸಾಲಲಿಲ್ಲ. ಅಜ್ಜಿ ಎರಡು ಸಲ ಸುತ್ತಿ ನೋಡಿದಳು. ಆಮೇಲೆ ನನ್ನ ತಲೆ ಸವರಿ, “ಇನ್ನು ನಿನ್ನ ಬಾಯಿ ನಿನ್ನ ತಂಗಿಯ ಮೈ ಕಣೆ ನಾರಾ. ನೆನಪಿಟ್ಕೋ” ಎಂದಳು. ಓಯುನಾ ಅಳತೊಡಗಿದಳು. ಅಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಅಂದಿನಿಂದ ನೆನಪಿಟ್ಟುಕೊಂಡೆ. ಹೊಟ್ಟೆ ಕಟ್ಟಿ ಬದುಕುವವರ ಮೂಗು ಚುರುಕಾಗುತ್ತದೆ. ಮೂರು ಮನೆಯಾಚೆ ಯಾರ ಒಲೆಯ ಮೇಲೆ ಕೊಬ್ಬು ಕರಗುತ್ತಿದೆ, ಅದಕ್ಕೆ ಬೆಳ್ಳುಳ್ಳಿ ಬಿತ್ತೋ ಇಲ್ಲವೋ ನಾನು ಹೇಳಬಲ್ಲೆ. ಗಂಡನಿಗೆ ಕಡುಬು ಬೇಯಿಸಿ, ಬಡಿಸಿ, ಅವನು ಬೆರಳು ನೆಕ್ಕುವಾಗ ಎದುರು ಕೂತು ಗಂಜಿ ಕುಡಿದಿದ್ದೇನೆ. ನನ್ನ ಮದುವೆಯ ದಿನ ಒಂದೇ ಒಂದು ಸಲ ಸೋತೆ, ಎರಡು ಕಡುಬು ತಿಂದೆ. ಮೂರನೆಯ ದಿನ ಓಯುನಾ ತಲೆ ತಿರುಗಿ ಅಂಗಳದಲ್ಲಿ ಬಿದ್ದಳು. ಎದ್ದವಳೇ ಹೊಸ ಅಳಿಯನ ಮುಂದೆ ನನ್ನನ್ನು ಹೊಟ್ಟೆಬಾಕಿ ಎಂದಳು. ನಾನು ತಲೆ ತಗ್ಗಿಸಿದೆ. ಊರವರು ಮಾತ್ರ ನನ್ನನ್ನು ಹೊಗಳುತ್ತಿದ್ದರು, “ತಂಗಿಗೋಸ್ಕರ ಬಾಯಿ ಕಟ್ಟಿದೋಳು ಅಂದ್ರೆ ನಾರಾ” ಎಂದು. ಆ ಮಾತು ನನಗೆ ಇಷ್ಟವಾಗುತ್ತಿತ್ತು. ಎಷ್ಟೋ ಸಲ ಅದನ್ನೇ ತಿಂದು ಮಲಗಿದ್ದೇನೆ ಎಂದರೂ ತಪ್ಪಿಲ್ಲ. ಆದರೂ ಓಯುನಾಳ ಮೈ ತುಂಬುತ್ತಲೇ ಹೋಯಿತು. ನಾನು ಒಂದು ರೊಟ್ಟಿಯನ್ನು ಅರ್ಧ ಮಾಡಿದೆ, ಅರ್ಧವನ್ನು ಕಾಲು ಮಾಡಿದೆ. ಅವಳ ಸೊಂಟ ಇಳಿಯಲಿಲ್ಲ. ನನ್ನಲ್ಲೇ ಏನೋ ದೋಷವಿರಬೇಕು, ಗಾಳಿ ಕುಡಿದರೂ ಅವಳಿಗೆ ಕೊಬ್ಬಾಗುತ್ತಿರಬೇಕು ಎಂದುಕೊಂಡೆ.

ಅಮ್ಮನ ಕಥೆ ಬೇರೆ. ಅವಳನ್ನು ಹೊರುತ್ತಿದ್ದ ಅವಳ ಅಣ್ಣ ನನ್ನ ನೂಲಿನ ವಾರದ ಹಿಂದಿನ ವರ್ಷವೇ ತೀರಿಕೊಂಡಿದ್ದ. ಹೊರುವವರು ಸತ್ತರೆ ತಿಂದದ್ದು ಗಾಳಿಗೆ ಹೋಗುತ್ತದೆ ಎಂದು ನಮ್ಮವರ ನಂಬಿಕೆ. ಅಂಥವರಿಗೆ ಬಿಡುಗಡೆಯವರು ಎಂದು ಹೆಸರು. ಬಿಡುಗಡೆಯವರನ್ನು ಕಂಡರೆ ಊರಿನ ಹೆಂಗಸರಿಗೆಲ್ಲ ಹೊಟ್ಟೆಕಿಚ್ಚು. ಎಪ್ಪತ್ತಾರು ವರ್ಷದ ನಮ್ಮಮ್ಮ ದುಲ್ಮಾ ಕಡ್ಡಿಯ ಹಾಗಿದ್ದಾಳೆ, ಅವಳ ಸೆರಗಿನ ಗಂಟಿನಲ್ಲಿ ಸದಾ ಬೆಲ್ಲದುಂಡೆ ಇರುತ್ತದೆ. ಗಂಡನಿಲ್ಲದ ಮುದುಕಿಗೆ ಅಷ್ಟಾದರೂ ಸುಖ ಇರಲಿ ಎಂದು ನಾನೇ ಉಂಡೆ ಕಟ್ಟಿಕೊಡುತ್ತಿದ್ದೆ. ಅವಳು ಇರುವುದು ನನ್ನ ಜೊತೆ, ನಾವು ಹುಟ್ಟಿದ ಮನೆಯಲ್ಲೇ.

ಈ ವರ್ಷ ಕುರಿಗಳ ಉಣ್ಣೆ ಕತ್ತರಿಸುವ ಕಾಲಕ್ಕೆ ಪೇಟೆಯಿಂದ ಒಂದು ಗಾಡಿಯಲ್ಲಿ ಡಾಕ್ಟರಮ್ಮ ಬಂದಳು. ನಮ್ಮ ಜನರ ರಕ್ತ ನೋಡಬೇಕಂತೆ. ಬಂದವರ ರಕ್ತ ತೆಗೆದು, ಸೊಂಟಕ್ಕೆ ಟೇಪು ಸುತ್ತಿ ಬರೆದುಕೊಂಡಳು. ನನ್ನ ಸೊಂಟಕ್ಕೆ ಟೇಪು ಸುತ್ತಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಅರವತ್ತೆರಡು ಸೆಂಟಿಮೀಟರು ಎಂದಳು. ಜನ ಅವಳನ್ನು ಮುತ್ತಿಕೊಂಡು, “ಯಾರದ್ದು ಯಾರ ಮೇಲೆ ಬೀಳತ್ತೆ ಅಂತ ರಕ್ತದಲ್ಲಿ ಗೊತ್ತಾಗತ್ತಾ?” ಎಂದು ಕೇಳಿದರು. ಅವಳು ನಕ್ಕು, “ಗೊತ್ತಾಗತ್ತೆ, ತಂದೆ ತಾಯಿಯಿಂದ ಮಕ್ಕಳ ಮೇಲೆ ಬೀಳತ್ತೆ” ಎಂದಳು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಅವಳು ಏನು ಹೇಳಿದಳು, ಇವರು ಏನು ಕೇಳಿಸಿಕೊಂಡರು, ನನಗಂತೂ ತಿಳಿಯಲಿಲ್ಲ.

ಎರಡು ತಿಂಗಳ ಮೇಲೆ ರಕ್ತ ಪರೀಕ್ಷೆಯ ಚೀಟಿಗಳು ಬಂದವು. ಅಷ್ಟರಲ್ಲಿ ಓಯುನಾಳ ಬಲಗಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿ, ಹುಣ್ಣು ಕಪ್ಪಾಗಿತ್ತು. ಡಾಕ್ಟರಮ್ಮ ಅದನ್ನು ನೋಡಿ ಮುಖ ಗಂಟಿಕ್ಕಿದಳು. ಔಷಧಿ ಕೊಟ್ಟು, “ಹದಿನೈದು ದಿನದಲ್ಲಿ ಸಕ್ಕರೆ ಇಳೀಬೇಕು. ಇಳಿಯದಿದ್ರೆ ಪಾದಾನೇ ತೆಗೀಬೇಕಾಗತ್ತೆ” ಎಂದಳು. ಓಯುನಾ ಡಾಕ್ಟರಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ದಿನದಿಂದ ನಾನು ಗಂಜಿಯ ತಿಳಿ ಮಾತ್ರ ಕುಡಿದೆ. ನಾಲ್ಕನೆಯ ದಿನ ನೀರಿನ ತೊಟ್ಟಿಯ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದೆ. ಗೋಡೆಯಾಚೆಯಿಂದ ಓಯುನಾ, “ನಾಟಕ ಬೇಡ ಕಣೆ. ನಿನ್ನೆ ಏನ್ ತಿಂದೆ, ನಿಜ ಹೇಳು” ಎಂದಳು.

ಅದೇ ದಿನ ಮಧ್ಯಾಹ್ನ ನನ್ನ ಚೀಟಿ ವಿವರಿಸುವಾಗ ಡಾಕ್ಟರಮ್ಮ ಹೇಳಿದ್ದು ನನ್ನ ತಲೆಯನ್ನು ಇನ್ನಷ್ಟು ಕೆಡಿಸಿತು. ನಮ್ಮ ಹಿರೀಕರ ಚಳಿಯ ನಾಡಿನಲ್ಲಿ ಕೊಬ್ಬನ್ನು ಹಿಡಿದಿಟ್ಟುಕೊಳ್ಳುವ ಮೈ ಬೇಕಿತ್ತಂತೆ. ಆ ಗುಣ ಕೆಲವರ ರಕ್ತದಲ್ಲಿ ಇನ್ನೂ ಇದೆ, ಕೆಲವರಲ್ಲಿ ಇಲ್ಲ. ಇದ್ದವರಿಗೆ ಸೊಂಟ, ಸಕ್ಕರೆ, ರಕ್ತದ ಒತ್ತಡ ಮೂರೂ ಏರುವ ಭಯ ಉಳಿದವರಿಗಿಂತ ಒಂದೂವರೆ ಪಟ್ಟು. “ಇದು ಹಣೆಬರಹ ಅಲ್ಲಮ್ಮ, ಸಾಧ್ಯತೆ ಅಷ್ಟೇ. ನೀವೂ ನಿಮ್ಮ ತಂಗೀನೂ ಒಂದೇ ಥರ. ಚೀಟಿ ಅದಲು ಬದಲು ಮಾಡಿದ್ರೂ ಗೊತ್ತಾಗಲ್ಲ” ಎಂದಳು. ನಾನು ನನ್ನ ಕೈ ನೋಡಿಕೊಂಡೆ, ಬಳೆ ಮೊಣಕೈವರೆಗೂ ಜಾರುತ್ತಿತ್ತು. “ಒಂದೇ ಥರ ಆದ್ರೆ ನಾನ್ಯಾಕೆ ಹೀಗೆ, ಅವಳ್ಯಾಕೆ ಹಾಗೆ?” ಎಂದೆ. “ಅದನ್ನೇ ನೋಡೋಣ. ನಿಮ್ಮ ತಾಯಿ ಅವತ್ತು ಬಂದಿರಲಿಲ್ಲ, ಅವರ ರಕ್ತವೂ ಬೇಕು. ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ. ಇವತ್ತು ಸಂಜೆಯಿಂದ ಅವರು ಏನೂ ತಿನ್ನಬಾರದು” ಎಂದಳು.

ಮಾರನೆಯ ಬೆಳಿಗ್ಗೆ ಅಮ್ಮ ಹಾಸಿಗೆಯಲ್ಲಿ ಇರಲಿಲ್ಲ. ಹುಡುಕುತ್ತ ಕುರಿಹಟ್ಟಿಗೆ ಹೋದೆ. ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಒಂದು ಕೆನ್ನೆ ಉಬ್ಬಿತ್ತು.

“ಅಮ್ಮಾ, ಏನೂ ತಿನ್ಬಾರ್ದು ಅಂದಿದ್ರಲ್ಲ.”

“ಎಲ್ಲಿ ತಿಂದೆ? ಏನೂ ತಿಂದಿಲ್ಲ” ಎಂದಳು. ಬೆಲ್ಲದ ರಸ ತುಟಿಯ ಮೂಲೆಯಲ್ಲಿ ಇಳಿಯುತ್ತಿತ್ತು.

ನನಗೆ ನಗು ಬಂತು. “ಒಂದು ಹೊತ್ತು ತಡೆಯೋಕೆ ಆಗಲ್ವಾ ನಿಂಗೆ?”

“ಆಗಲ್ಲ ಕಣೆ. ಹಸಿವು ಅಂದ್ರೆ ನಂಗೆ ಮೊದಲಿಂದ್ಲೂ ಭಯ. ನಿನ್ನ ನೂಲಿನ ವಾರದಲ್ಲಿ ಏಳು ದಿನ ಅಂದ್ರು. ಏಳು ದಿನ! ಎರಡು ದಿನಕ್ಕೇ ಕೈಕಾಲು ನಡುಗಿ ಇಲ್ಲೇ, ಈ ಬಾಗಿಲ ಹಿಂದೇನೇ…” ಎಂದವಳು ಥಟ್ಟನೆ ಬಾಯಿ ಮುಚ್ಚಿದಳು.

ಕುರಿಮರಿಯೊಂದು ಬಂದು ಅವಳ ಬೆರಳು ನೆಕ್ಕತೊಡಗಿತು. ನನ್ನ ತಲೆಯೊಳಗೆ ಯಾರೋ ಒಂದೊಂದೇ ಕಲ್ಲು ಸರಿಸುತ್ತಿದ್ದ ಹಾಗಿತ್ತು. ಆ ವಾರ ತಿಂದವಳು ನಾನೊಬ್ಬಳೇ ಅಲ್ಲ. ಅಮ್ಮನೂ ತಿಂದಿದ್ದಳು. ಹಾಗಾದರೆ ಓಯುನಾಳ ಆ ಎರಡು ಬೆರಳು ಯಾರದು? ನನ್ನ ಮದುವೆಯಲ್ಲಿ ನಾನು ತಿಂದದ್ದು ಎರಡು ಕಡುಬು. ಮಗಳ ಮದುವೆಯ ಸಂಭ್ರಮದಲ್ಲಿ ಅಮ್ಮ ಹನ್ನೊಂದು ತಿಂದಳೆಂದು ಬೀಗರು ವರ್ಷಗಟ್ಟಲೆ ನಕ್ಕಿದ್ದರು. ನಾನು ಅರ್ಧ ಮಾಡಿದಾಗ, ಕಾಲು ಮಾಡಿದಾಗ ಓಯುನಾಳ ಸೊಂಟ ಯಾಕೆ ಇಳಿಯಲಿಲ್ಲ? ಪ್ರತಿ ವಾರ ನನ್ನ ಕೈಯಾರೆ ಕಟ್ಟಿ ಕೊಟ್ಟ ಉಂಡೆಗಳು ನೆನಪಾದವು.

“ಗಾಳಿಗೆ ಹೋಗಿರಲಿಲ್ಲ ಅಲ್ವಾ ಅಮ್ಮ?” ಎಂದೆ. ಅವಳು ಕುರಿಮರಿಯ ಕಿವಿ ಸವರಿದಳು. “ಅವತ್ತು ಅವಳಿಗೆ ನೂಲು ಸಾಲದೇ ಹೋದಾಗ ನಿಂಗೆ ಅನುಮಾನ ಬರಲಿಲ್ವಾ?”

“ಬಂತು” ಎಂದಳು. “ಅಣ್ಣ ಸತ್ತಿದ್ದ, ಗಾಳಿಗೆ ಹೋಗತ್ತೆ ಅಂದ್ಕೊಂಡೇ ತಿಂದೆ, ಆಣೆ ಮಾಡಿ ಹೇಳ್ತೀನಿ. ಆಮೇಲೆ ಅನುಮಾನ ಬಂತು. ಬಾಯಿ ಬಿಟ್ರೆ ತಾಯಿ ಮಗೂನ ಮೇಲೆ ತಿಂತಾಳೆ ಅನ್ನೋರು. ಊರಲ್ಲಿ ತಲೆ ಎತ್ತೋ ಹಾಗಿರ್ತಿತ್ತಾ? ನಿಂದೇ ಇರಬಹುದು, ನಂದಲ್ಲ, ನಂದಲ್ಲ ಅಂತ ಹೇಳ್ಕೊಂಡು ಹೇಳ್ಕೊಂಡು ಹಂಗೇ ಆಗ್ಹೋಯ್ತು. ನೀನು ಚಿಕ್ಕೋಳಿದ್ದೆ ನಾರಾ. ಚಿಕ್ಕೋರಿಗೆ ಯಾವುದೂ ಬೇಗ ಅಭ್ಯಾಸ ಆಗತ್ತೆ.”

ಸಿಟ್ಟು ಬರಬೇಕಿತ್ತು. ಬರುತ್ತಿದೆಯೇ ಎಂದು ಕಾದು ನೋಡಿದೆ. ಬಂದದ್ದು ಸಿಟ್ಟೋ, ಹಸಿವೋ, ಎರಡರ ವ್ಯತ್ಯಾಸ ನನಗೆ ತಿಳಿಯಲಿಲ್ಲ. ಅವಳ ಬಾಯಿ ಒರೆಸಿ, ಕೈ ಹಿಡಿದು ಮನೆಯೊಳಗೆ ಕರೆತಂದೆ. ಅವತ್ತು ರಕ್ತ ಕೊಡಲು ಹೋಗಲಿಲ್ಲ. ಅಮ್ಮ ಸೆರಗಿನ ಗಂಟು ಬಿಚ್ಚಿ ಉಳಿದ ಉಂಡೆಗಳನ್ನು ಒಲೆಯ ಕಟ್ಟೆಯ ಮೇಲಿಟ್ಟಳು. ನಾನು ಕೇಳಿರಲಿಲ್ಲ.

ಓಯುನಾಳಿಗೆ ಹೇಳಲೋ ಬೇಡವೋ ಎಂದು ಒಂದು ಹಗಲು ಒದ್ದಾಡಿದೆ. ಹೇಳಿದರೆ ತಾಯಿಯನ್ನು ಕಳೆದುಕೊಳ್ಳುತ್ತಾಳೆ, ಹೇಳದಿದ್ದರೆ ಪಾದವನ್ನು. ಮಾರನೆಯ ಬೆಳಿಗ್ಗೆ ಓಯುನಾ ಕೋಲೂರಿಕೊಂಡು ಗೋಡೆಯ ಹತ್ತಿರ ಬಂದು, “ನಿನ್ನೆ ಏನ್ ತಿಂದೆ?” ಎಂದಾಗ ಬಾಯಿಯಿಂದ ತಾನಾಗಿ ಬಂದುಬಿಟ್ಟಿತು. “ನಾನು ಏನ್ ತಿಂದ್ರೂ ನಿಂಗೆ ಏನೂ ಆಗಲ್ಲ ಓಯುನಾ. ಆಗ್ತಿದ್ದಿದ್ದು ಅಮ್ಮ ತಿಂದಿದ್ದು.” ಎಲ್ಲ ಹೇಳಿದೆ. ಅವಳ ಚಹಾ ಆರಿ ಮೇಲೆ ಕೆನೆ ಕಟ್ಟಿತು.

“ನಿನ್ನ ಗಂಡನ ಮುಂದೆ ನಾನು ನಿನ್ನ ಹೊಟ್ಟೆಬಾಕಿ ಅಂದಿದ್ದೆ” ಎಂದಳು ಕೊನೆಗೆ.

“ಅಂದಿದ್ದೆ.”

“ವಾಪಸ್ ತಗೊಳ್ಳೋಕಂತೂ ಆಗಲ್ಲ. ಭಾವ ಇಪ್ಪತ್ತೈದು ವರ್ಷದಿಂದ ಅದನ್ನ ಹೇಳ್ಕೊಂಡು ನಗ್ತಿದಾರೆ.” ಅವಳ ತುಟಿ ನಕ್ಕಿತು, ಕಣ್ಣು ನಗಲಿಲ್ಲ. ಮನೆಯ ಕಡೆ ನೋಡಿ ದನಿ ತಗ್ಗಿಸಿದಳು. “ಅಮ್ಮ ಏನ್ ಮಾಡ್ತಿದಾಳೆ?”

“ಗಂಜಿ ಮುಂದಿಟ್ಕೊಂಡು ಕೂತಿದಾಳೆ. ನಿನ್ನೆಯಿಂದ ಬೆಲ್ಲ ಮುಟ್ಟಿಲ್ಲ.”

“ಅಳ್ತಿದಾಳಾ?”

“ಇಲ್ಲ. ಬೆರಳು ಮೂಸಿ ನೋಡ್ಕೊಳ್ತಾಳೆ.”

ಓಯುನಾ ತಲೆ ತಗ್ಗಿಸಿದಳು. ಅವಳಿಗೂ ಏನೆನಿಸಬೇಕೋ ತಿಳಿಯಲಿಲ್ಲ ಎಂದು ಕಾಣುತ್ತದೆ. “ಗಂಜಿಗೆ ಒಂಚೂರು ಉಪ್ಪಿನಕಾಯಾದ್ರೂ ಕೊಡು ಅವಳಿಗೆ. ಅದ್ರಿಂದ ಕಾಲು ಹೋದ್ರೆ ಹೋಗ್ಲಿ” ಎಂದಳು. ಹೋಗಲು ತಿರುಗಿದವಳು ನಿಂತಳು. “ಹಂಗಾದ್ರೆ ನಿಂದು ಯಾರ ಮೇಲೆ ಬೀಳತ್ತೆ?”

ಅದನ್ನು ತಿಳಿಯಲು ಇನ್ನೊಂದು ನೂಲಿನ ವಾರ ಮಾಡೋಣವೆಂದು ಹಟ ಹಿಡಿದವಳು ಓಯುನಾಳೇ. ನಲವತ್ತೆಂಟು ವರ್ಷದ ಹೆಂಗಸಿಗೆ ನೂಲಿನ ವಾರ ಎಂದು ಬೀದಿಯೆಲ್ಲ ನಕ್ಕಿತು. ಯಂಜಿ ಅಜ್ಜಿ ಮಾತ್ರ ನಗಲಿಲ್ಲ. ಅಳತೆ ತಪ್ಪಿದ್ದು ತನ್ನ ಕೈಯಲ್ಲೆಂದು ಅವಳಿಗೆ ಸಂಕಟ. ಅಮ್ಮನಿಗೆ, ಓಯುನಾಳಿಗೆ, ಹೊಳೆಯಾಚೆಯ ಚಿಕ್ಕಪ್ಪನ ಮಗನಿಗೆ, ಅವನ ಅಕ್ಕನಿಗೆ, ನಮ್ಮ ರಕ್ತದವರು ಎನ್ನುವವರಿಗೆಲ್ಲ ಹೋಗಿ ನೂಲು ಕತ್ತರಿಸಿದಳು. ಅವರೆಲ್ಲ ಗೊಣಗಿಕೊಂಡು ಗಂಜಿಗೆ ಕೂತರು. ಓಯುನಾ ತನ್ನ ಕೈಯಾರೆ ಕಡುಬು ಬೇಯಿಸಿ ಗೋಡೆಯ ಮೇಲಿಂದ ತಟ್ಟೆ ಚಾಚಿದಳು. “ತಿನ್ನು. ಇವತ್ತು ನಾನು ಕೇಳಲ್ಲ.” ಮೊದಲ ಕಡುಬಿನ ಒಳಗಿನ ಬಿಸಿ ರಸ ನಾಲಿಗೆಗೆ ತಾಗಿದಾಗ ಕಣ್ಣು ತುಂಬಿ ಬಂತು. ಎರಡನೆಯದು ಮುಗಿಯುವಷ್ಟರಲ್ಲಿ ಹೊಟ್ಟೆ ತುಂಬಿಬಿಟ್ಟಿತು. ಮೂವತ್ತಾರು ವರ್ಷ ಕನಸಿನಲ್ಲಿ ತಟ್ಟೆಗಟ್ಟಲೆ ತಿಂದವಳಿಗೆ ಮೂರನೆಯದು ಇಳಿಯಲಿಲ್ಲ. ನನ್ನ ಹೊಟ್ಟೆಯ ಮೇಲೇ ನನಗೆ ಕೋಪ ಬಂತು. ದಿನ ಕಳೆದಂತೆ ಮೂರು ತಿಂದೆ, ನಾಲ್ಕು ತಿಂದೆ. ಒಲೆಯ ಕಟ್ಟೆಯ ಮೇಲಿದ್ದ ಅಮ್ಮನ ಬೆಲ್ಲದುಂಡೆಗಳನ್ನೂ ತಿಂದೆ. ಅಮ್ಮ ನೋಡುತ್ತ ಕೂತಿರುತ್ತಿದ್ದಳು. ಒಂದು ದಿನ, “ಚೆನ್ನಾಗಿದ್ಯಾ?” ಎಂದು ಕೇಳಿದಳು. ಚೆನ್ನಾಗಿದೆ ಎಂದೆ. “ಹೂಂ, ಪಾಕ ಸರಿಯಾಗಿ ಬಂದಿತ್ತು ಅದಕ್ಕೆ” ಎಂದಳು.

ಎಂಟನೆಯ ದಿನ ಯಂಜಿ ಅಜ್ಜಿ ಎಲ್ಲರ ನೂಲನ್ನೂ ಸುತ್ತಿ ನೋಡಿದಳು. ಎಲ್ಲರಿಗೂ ಸಾಲಿತು. ಒಬ್ಬರಿಗೂ ಕಡಿಮೆ ಬೀಳಲಿಲ್ಲ. ಓಯುನಾಳಿಗಂತೂ ಒಂದು ಬೆರಳು ಸಡಿಲವಾಗಿತ್ತು. “ಹೀಗೆ ಎಲ್ಲೂ ಆಗಿಲ್ಲ. ಹಂಗಾದ್ರೆ ನೀನು ತಿಂದಿದ್ದು ಎಲ್ಲಿ ಹೋಯ್ತೇ?” ಎಂದು ಅಜ್ಜಿ ಖಾಲಿ ಡಬ್ಬಿಯೊಳಗೆ ನೋಡಿದಳು.

ಹದಿನೈದನೆಯ ದಿನ ಡಾಕ್ಟರಮ್ಮ ಬಂದು ಓಯುನಾಳ ರಕ್ತ ನೋಡಿ ಹಗುರಾದಳು. ಸಕ್ಕರೆ ಇಳಿದಿತ್ತು. ಔಷಧಿ ಹಿಡಿಯಿತು ಎಂದಳು. ಔಷಧಿಯೋ, ಅಮ್ಮನ ಗಂಜಿಯೋ, ಯಾವುದೆಂದು ನಾವ್ಯಾರೂ ಹೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ಹೆಬ್ಬೆರಳನ್ನು ತೆಗೆಯಲೇಬೇಕಾಯಿತು. ಪಾದ ಉಳಿಯಿತು. ಹೊರಡುವ ಮುಂಚೆ ಡಾಕ್ಟರಮ್ಮ ನನ್ನನ್ನೂ ಕರೆದು ಸೊಂಟಕ್ಕೆ ಟೇಪು ಸುತ್ತಿದಳು. “ಅರವತ್ತನಾಲ್ಕು. ಎರಡು ಹೆಚ್ಚಾಗಿದೆ. ಒಳ್ಳೇದೇ, ತೀರಾ ಸೊರಗಿದ್ರಿ. ಆದ್ರೆ ನಿಮ್ಮದೂ ತಂಗಿಯ ಥರದ್ದೇ ರಕ್ತ, ಜೋಪಾನ” ಎಂದಳು.

ನಾನು ಟೇಪಿನೊಳಗೇ ನಿಂತುಬಿಟ್ಟೆ. “ಡಾಕ್ಟರಮ್ಮಾ, ತಿಂದಿದ್ದು ತಿಂದೋರಿಗೇ ಅಂಟತ್ತಾ?”

“ಮತ್ತಿನ್ಯಾರಿಗೆ ಅಂಟತ್ತೆ?” ಎಂದು ಅವಳು ನಕ್ಕು ಟೇಪು ಸುತ್ತಿಕೊಂಡಳು.

ಮನೆಗೆ ಬಂದು ಸೀರೆ ಸಡಿಲಿಸಿ ನೋಡಿಕೊಂಡೆ. ಒಳಲಂಗದ ಲಾಡಿ ಬಿಗಿದು ಸೊಂಟದ ಸುತ್ತ ಗೆರೆ ಮೂಡಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಮೂಡಿತ್ತಲ್ಲ, ಅದೇ ಜಾಗದಲ್ಲಿ. ಅವತ್ತು ಸಡಿಲ ಮಾಡಿಕೊಂಡು ಆಡಲು ಓಡಿದ್ದೆ. ಇವತ್ತು ಎಲ್ಲಿಗೆ ಓಡಬೇಕೋ ತಿಳಿಯಲಿಲ್ಲ. ಊರಿನಲ್ಲಿ ಇನ್ನೆಷ್ಟು ಜನ ನನ್ನಂಥವರಿದ್ದಾರೋ, ಅವರ ಸೊಂಟವನ್ನೂ ಯಾರೂ ಅಳೆದಿಲ್ಲ.

ಮರುದಿನ ಬೆಳಿಗ್ಗೆ ಓಯುನಾ ಕೋಲೂರಿಕೊಂಡು ಗೋಡೆಯ ಹತ್ತಿರ ಬಂದಳು. ಕಾಲಿಗೆ ಬಿಳಿ ಪಟ್ಟಿ, ಕೈಯಲ್ಲಿ ಚಹಾ. “ನಿನ್ನೆ ಏನ್ ತಿಂದೆ ಅಕ್ಕ?” ಎಂದಳು, ಎಂದು ನಾಲಿಗೆ ಕಚ್ಚಿಕೊಂಡಳು. “ಅಭ್ಯಾಸ ಕಣೆ.”

“ಮೂರು ಕಡುಬು. ಒಂದು ಉಂಡೆ.”

“ಯಾರ ಮೇಲೆ ಹೋಯ್ತೋ, ಪಾಪ.”

ನಾನು ಗೋಡೆಯ ಮೇಲಿಂದ ಕೈ ಚಾಚಿ ಅವಳ ಕೈ ಹಿಡಿದು ನನ್ನ ಸೊಂಟದ ಮೇಲಿಟ್ಟುಕೊಂಡೆ. ಲಾಡಿಯ ಗೆರೆ ಅವಳ ಬೆರಳಿಗೆ ಸಿಕ್ಕಿತು. ಅವಳು ಅದರ ಗುಂಟ ಬೆರಳಾಡಿಸಿದಳು, ಯಂಜಿ ಅಜ್ಜಿ ನೂಲಿನ ತುದಿ ಹುಡುಕುವ ಹಾಗೆ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಹಂಗಾದ್ರೆ ಇಷ್ಟು ವರ್ಷ…” ಎಂದಳು. ಒಳಗಿನಿಂದ ಅಮ್ಮ ಗಂಜಿ ಆಯಿತೇ ಎಂದು ಕೂಗುತ್ತಿದ್ದಳು.

ಓಯುನಾ ಕೈ ತೆಗೆದು ತನ್ನ ಚಹಾದ ಲೋಟವನ್ನು ಗೋಡೆಯ ಮೇಲಿಟ್ಟಳು. ನನ್ನ ಕಡೆ ನಿಧಾನವಾಗಿ ಸರಿಸಿದಳು.

“ಇದರಲ್ಲಿ ಬೆಣ್ಣೆ ಇದೆ” ಎಂದಳು.

ಕುಡಿದೆ.